ನಸ್ರೀನಳ ಮೊದಲ ರೋಜಾ

“ತಲೆ ಹಿಂದೆ ಹಾಕೇ ಮಾರಾಯ್ತಿ. ಇನ್ನೂ ಹಿಂದೆ,” ಎಂದು ಭಾರ್ಗವಿ ನಸ್ರೀನಳ ಹಣೆ ಒತ್ತಿ ಹಿಡಿದಳು.

ನಸ್ರೀನಳ ಮೂಗಿನ ರಕ್ತ ಯೂನಿಫಾರ್ಮಿನ ಕಾಲರಿಗೆ ತಾಗಿತ್ತು. ಅವಳು ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಭಾರ್ಗವಿಯ ಕೈಗೆ ಪಟಪಟ ಹೊಡೆದಳು. ಹೆದರಿದ್ದಾಳೆ ಎಂದುಕೊಂಡು ಭಾರ್ಗವಿ ಇನ್ನೂ ಗಟ್ಟಿ ಹಿಡಿದಳು. ಹಿಡಿದದ್ದನ್ನು ಬಿಡುವ ಪೈಕಿಯಲ್ಲ ಅವಳು. ಅಲ್ಲದೆ, ಮನೆಯಲ್ಲಿ ಅಜ್ಜಿ ಹೀಗೇ ಮಾಡುವುದು.

ಸರ್ವಮಂಗಳಾ ಟೀಚರ್ ಓಡಿ ಬಂದು ಆ ಕೈ ಬಿಡಿಸಿದರು. ನಸ್ರೀನಳನ್ನು ಕೂರಿಸಿ, ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. ಬಾಯಲ್ಲಿ ಉಸಿರಾಡು ಎಂದರು. ಬಾಯಿ ತೆರೆದದ್ದೇ ತಡ, ನಸ್ರೀನ್ ಬಾಯಿ ತುಂಬ ರಕ್ತ ಉಗುಳಿದಳು.

ರಕ್ತ ನಿಲ್ಲುವವರೆಗೂ ಟೀಚರ್ ಬೆರಳು ತೆಗೆಯಲಿಲ್ಲ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ, ಮುಂದುಗಡೆಯೇ, ಸಣ್ಣ ಸಣ್ಣ ರಕ್ತನಾಳಗಳು ಬಲೆಯ ಹಾಗೆ ಕೂಡಿರುತ್ತವಂತೆ. ಮೇಲಿನ ಪೊರೆ ತೀರಾ ತೆಳು. ಬಿಸಿಲಿಗೆ ಒಣಗಿದರೆ ಒಡೆದುಹೋಗುತ್ತದಂತೆ.

“ಮೂಗಿನ ಹಿಂದೆ ಗಂಟಲಿಗೆ ದಾರಿ ಇದೆ. ತಲೆ ಹಿಂದೆ ಹಾಕಿದ್ರೆ ರಕ್ತ ನಿಲ್ಲಲ್ಲ, ಗಂಟಲಿಗೆ ಇಳಿಯುತ್ತೆ ಅಷ್ಟೆ,” ಎಂದರು.

ಗಂಟಲು ಎಂದ ಕೂಡಲೇ ಭಾರ್ಗವಿಗೆ ನೆನಪಾಯಿತು. ಇವತ್ತು ನಸ್ರೀನಳ ಮೊದಲ ರೋಜಾ, ರಂಜಾನಿನ ಉಪವಾಸ. ಸೂರ್ಯ ಮುಳುಗುವವರೆಗೆ ಒಂದು ಹನಿ ನೀರೂ ಗಂಟಲಿಗೆ ಇಳಿಯಬಾರದು ಎಂದು ಬೆಳಗ್ಗೆಯಷ್ಟೇ ಹೆಮ್ಮೆಯಿಂದ ಹೇಳಿದ್ದಳು. ಅವಳು ಕೈಗೆ ಹೊಡೆದದ್ದು ಹೆದರಿ ಅಲ್ಲ, ಬಿಡು ಎನ್ನುವುದಕ್ಕೆ.

“ಒಳಗೆ ಹೋಯ್ತಾ?” ಎಂದು ಭಾರ್ಗವಿ ಮೆಲ್ಲಗೆ ಕೇಳಿದಳು.

“ಸ್ವಲ್ಪ ಹೋಯ್ತು,” ಎಂದಳು ನಸ್ರೀನ್. ಅವಳ ಕಣ್ಣು ತುಂಬಿತ್ತು.

ಸಂಜೆ ಭಾರ್ಗವಿ ನಸ್ರೀನಳ ಜೊತೆ ಅವಳ ಮನೆಗೇ ಹೋದಳು. ಅಮ್ಮಿ ಶಕೀಲಾ ಕಾಲರಿನ ಕಲೆ ನೋಡಿ ಗಾಬರಿಯಾದರು. ಭಾರ್ಗವಿ ಮುಚ್ಚಿಡದೆ ಎಲ್ಲ ಹೇಳಿದಳು.

“ಅವಳದ್ದು ತಪ್ಪಿಲ್ಲ ಆಂಟಿ. ತಲೆ ಹಿಂದೆ ಒತ್ತಿದ್ದು ನಾನು.”

ಶಕೀಲಾ ಮಗಳ ಗಲ್ಲ ಹಿಡಿದು, ಬೇಕಂತ ನುಂಗಿದ್ಯಾ ಎಂದು ಕೇಳಿದರು. ನಸ್ರೀನ್ ಇಲ್ಲವೆಂದು ತಲೆಯಾಡಿಸಿದಳು.

“ನೀನು ನುಂಗಿದ್ದಲ್ಲ, ತಾನಾಗಿ ಇಳಿದದ್ದು. ರೋಜಾ ಮುರಿಲಿಲ್ಲ,” ಎಂದರು. ತಲೆ ಸುತ್ತಿದರೆ ಮಾತ್ರ ಹೇಳಬೇಕು, ಆಗ ನೀರು ಕುಡಿಯಲೇಬೇಕು ಎಂದೂ ಸೇರಿಸಿದರು.

ಮನೆಗೆ ಬಂದ ಭಾರ್ಗವಿಗೆ ಅಜ್ಜಿ ಅವಲಕ್ಕಿ ಕೊಟ್ಟರು. ಈಗ ಬೇಡ ಎಂದು ಅವಳು ನೀರಿನ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಳು. ಮಸೀದಿಯ ಆಜಾನ್ ದಿನಾ ಕೇಳುತ್ತದೆ. ಅದಕ್ಕಾಗಿ ಅವಳು ಕಾದದ್ದು ಇವತ್ತೇ.

ಸೂರ್ಯ ಮುಳುಗಿ, ಕೊನೆಗೆ ಅದು ಕೇಳಿಸಿತು. ಅಲ್ಲಿ ನಸ್ರೀನ್ ಈಗ ನೀರು ಕುಡಿಯುತ್ತಿರುತ್ತಾಳೆ.

ಭಾರ್ಗವಿಯೂ ಒಂದು ಗುಟುಕು ಕುಡಿದಳು. ನೀರು ತಣ್ಣಗೆ ಗಂಟಲಿನಲ್ಲಿ ಇಳಿಯುವುದು ಅವಳಿಗೆ ಮೊದಲ ಸಲ ಗೊತ್ತಾಯಿತು.