ಹಿಟ್ಟು ಮುಟ್ಟಬಾರದ ಕೈ

"ಇವತ್ತು ಹಿಟ್ಟು ನೀನೇ ನಾದಮ್ಮಾ!"

ಸೊಸೆಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಚರ್ಚಿನಲ್ಲಿ ಭಾನುವಾರದ ಆರಾಧನೆಯಲ್ಲಿ ಹಂಚುವ ಪವಿತ್ರ ರೊಟ್ಟಿ ಮೂರು ತಲೆಮಾರಿನಿಂದ ಈ ಅಡುಗೆಮನೆಯಲ್ಲೇ ಬೇಯುತ್ತಿತ್ತು. ಶನಿವಾರ ಮಧ್ಯಾಹ್ನ ಹಿಟ್ಟು ನಾದುವವರ ಎದೆಯಲ್ಲಿ ಪಾಪವಾಗಲಿ ಹಗೆಯಾಗಲಿ ಇರಕೂಡದೆಂಬುದು ಮನೆಯ ಕಟ್ಟಳೆ. ಅದು ಬೈಬಲಿನಲ್ಲಿರಲಿಲ್ಲ, ಪಾದ್ರಿಗಳೂ ಕೇಳಿರಲಿಲ್ಲ. ಅತ್ತೆಯ ಬಾಯಲ್ಲಿತ್ತು, ಅಷ್ಟೇ ಸಾಕಾಗಿತ್ತು. ಜೈಲಿನಲ್ಲಿದ್ದ ಕೊಲೆಗಾರನ ಮಗಳೆಂದು ಸೊಸೆಯನ್ನು ಒಂಬತ್ತು ವರ್ಷ ಹಿಟ್ಟಿನ ಬೋಗುಣಿಯ ಹತ್ತಿರ ಸುಳಿಯಗೊಟ್ಟಿರಲಿಲ್ಲ. ಒಲೆ ಒರೆಸಬಹುದಿತ್ತು, ಪಾತ್ರೆ ತಿಕ್ಕಬಹುದಿತ್ತು. ಹಿಟ್ಟು ಮಾತ್ರ ಮುಟ್ಟುವಂತಿರಲಿಲ್ಲ.

"ಯಾಕತ್ತೆ? ಮೈ ಹುಷಾರಿಲ್ವಾ?"

ಅತ್ತೆ ಕಪಾಟಿನಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಎಂಟು ಲಕೋಟೆಗಳು. ಎಲ್ಲದರ ಮೇಲೂ ಅಪ್ಪನ ಕೋಳಿ ಕೆದರಿದಂಥ ಅಕ್ಷರ! ಒಂದನ್ನೂ ಒಡೆದಿರಲಿಲ್ಲ. ಮೇಲೊಂದು ಕಾರ್ಡು, ಜೈಲಿನ ಮೊಹರು ಬಿದ್ದದ್ದು. ಅಪ್ಪ ಬುಧವಾರ ತೀರಿಕೊಂಡಿದ್ದರು. ಮಣ್ಣೂ ಆಗಿತ್ತು.

ಸೊಸೆ ಲಕೋಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಮಗಳನ್ನು ಮರೆತೇಬಿಟ್ಟ ಅಪ್ಪನೆಂದು ಇಷ್ಟು ವರ್ಷ ಹಲ್ಲು ಕಚ್ಚಿ ಶಪಿಸಿದ್ದಳಲ್ಲ!

"ಬಚ್ಚಿಟ್ರಾ ಅತ್ತೆ? ಕಾಗದ ಬಂತಾ ಅಂತ ಕೇಳೋಕೂ ನಂಗೆ ನಾಚಿಕೆ ಆಗೋದು..."

"ನೀನು ಕೇಳ್ಲಿಲ್ಲ, ನಾನು ಸುಳ್ಳು ಹೇಳ್ಲಿಲ್ಲ. ಇನ್ನೊಬ್ರ ಕಾಗದ ಒಡೆಯೋದು ತಪ್ಪು, ಒಡೀಲಿಲ್ಲ. ಸುಡೋದೂ ತಪ್ಪು, ಸುಡ್ಲಿಲ್ಲ. ಕಾರ್ಡು ತೆರೆದೇ ಇತ್ತು, ಓದಿದೆ." ಬೆರಳು ಮಡಚುತ್ತ ಬಂದ ಅತ್ತೆಯ ಕೈ ಕಿರುಬೆರಳಿಗೆ ಬಂದು ನಿಂತುಬಿಟ್ಟಿತು. "ಒಂದೂ ತಪ್ಪು ಮಾಡ್ದೆ ಇಷ್ಟು ದೊಡ್ಡ ಪಾಪ ಹೇಗೆ ಮಾಡಿದ್ನೋ ತಿಳೀತಿಲ್ಲ ಕಣೇ... ಈ ಕೈಯಲ್ಲಿ ಹಿಟ್ಟು ಮುಟ್ಟಕ್ಕಾಗಲ್ಲ!"

"ನಾನು ಮುಟ್ಬಹುದಾ? ಈಗ ನನ್ನೆದೇಲಿರೋ ಹಗೆ ಕಂಡ್ರೆ ನೀವೇ ಓಡಿಹೋಗ್ತೀರಿ!"

ಬಡಗಿಯಾಗಿದ್ದ ಮಗ, ಸೊಸೆಯ ಗಂಡ, ಬಾಗಿಲಲ್ಲಿ ಇಣುಕಿದ. "ಅಮ್ಮಾ, ರೊಟ್ಟಿ ಎಷ್ಟೊತ್ತಿಗೆ ಅಂತ ಪಾದ್ರಿಗಳು..." ಇಬ್ಬರ ಮುಖವನ್ನೂ ನೋಡಿ, ಎಲ್ಲೋ ಮೊಳೆ ಹೊಡೆಯುವುದು ನೆನಪಾದವನಂತೆ ಮಾಯವಾದ.

"ಈ ಸಲ ಇಲ್ಲ ಅಂತ ಹೇಳಿ ಕಳಿಸ್ಲಾ?" ಅತ್ತೆಯ ದನಿ ಬಿದ್ದುಹೋಗಿತ್ತು.

ಸೊಸೆ ಮೊದಲ ಲಕೋಟೆ ಒಡೆದಳು. 'ಮಗಳೇ, ಇಲ್ಲೂ ಭಾನುವಾರ ರೊಟ್ಟಿ ಕೊಡ್ತಾರೆ. ನಾನು ಕೈ ಹಿಂದಕ್ಕೆ ಎಳ್ಕೊಂಡೆ. ಇದು ನಿನ್ನಂಥೋರಿಗೇ ಕಣಯ್ಯಾ, ಒಳ್ಳೆಯೋರಿಗಾದ್ರೆ ಯಾಕೆ ಬೇಕಿತ್ತು ಅಂದ್ರು ಪಾದ್ರಿ. ತಿಂದೆ. ನಿನ್ನ ನೆನಪಾಯ್ತು...'

ಅಕ್ಷರಗಳು ಕಲಸಿಹೋದವು. ಎಷ್ಟು ಹೊತ್ತು ಅತ್ತಳೋ! ಕೊನೆಗೆ ಕಣ್ಣೊರೆಸಿ, ಕೈ ತೊಳೆದು, ಬೋಗುಣಿಯನ್ನು ತನ್ನತ್ತ ಎಳೆದುಕೊಂಡಳು.

"ಕ್ಷಮಿಸಿಬಿಟ್ಟೆ ಅಂದ್ಕೋಬೇಡಿ ಅತ್ತೆ."

"ಇಲ್ಲಮ್ಮಾ..."

"ನೀರು ಹಾಕಿ."

ಅತ್ತೆ ಸುರಿದ ನೀರಲ್ಲಿ ಅರ್ಧ ಮೇಜಿನ ಮೇಲೆ ಚೆಲ್ಲಿತು. ಸೊಸೆ ಲಕೋಟೆಗಳನ್ನು ಒದ್ದೆಯಾಗದಂತೆ ಆಚೆ ಸರಿಸಿದಳು. ಮತ್ತೆ ತಲೆಯೆತ್ತದೆಯೇ ಹೇಳಿದಳು: "ನೋಡ್ತಾ ನಿಂತ್ರೆ ಆಗಲ್ಲ. ನೀವೂ ಕೈ ಹಾಕಿ."