ನೂರಕ್ಕೆ ನೂರು ಬ್ಯುಸಿ

"ಅದಕ್ಕೆ ಕೈ ಹಾಕಬೇಡಿ," ಎಂದೆ.

ಸರ್ವರ್ ರೂಮಿನಲ್ಲಿ ಮಂಡಿಯೂರಿ ಕೂತಿದ್ದವನು ತಿರುಗಿ ನೋಡಿದ. ಡಿಸ್ಕ್ ಕಂಪನಿಯ ಎಂಜಿನಿಯರ್. ಕೆಟ್ಟ ಡಿಸ್ಕ್ ಬಿಚ್ಚಿಕೊಂಡು ಹೋಗಲು ಬಂದಿದ್ದ.

"ಹಾಳಾಗಿದೆ ಅಂತ ನಿಮ್ಮವರೇ ಹೇಳಿದ್ದು, ಮೇಡಂ."

"ನಮ್ಮವರು ಅಂದ್ರೆ ನಮ್ಮ ದೊಡ್ಡಪ್ಪ. ಕಂಪನಿ ಅವರದು, ಕಣ್ಣು ನನ್ನದು. ಇಲ್ನೋಡಿ."

ಸ್ಕ್ರೀನಿನಲ್ಲಿ ಡಿಸ್ಕ್ ನೂರಕ್ಕೆ ನೂರು ಬ್ಯುಸಿ. ಅದರ ಪಕ್ಕದಲ್ಲೇ ಓದಿದ್ದು ಸೊನ್ನೆ, ಬರೆದದ್ದು ಸೊನ್ನೆ. ಡಿಸ್ಕಿನ ಹಸಿರು ದೀಪವೂ ಮಿನುಗುತ್ತಿರಲಿಲ್ಲ.

"ಸುಮ್ನೆ ಕೂತಿರೋ ಡಿಸ್ಕ್ ಬ್ಯುಸಿ ಹೇಗಾಗತ್ತೆ?"

"ನಮ್ಮ ಮ್ಯಾನೇಜರ್ ದಿನಾ ಆಗ್ತಾರಲ್ಲ."

ನಗಬಾರದು ಅಂದುಕೊಂಡೇ ನಕ್ಕುಬಿಟ್ಟೆ. ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದ. ನಾನು ನಗುವುದನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ.

ಡಿಸ್ಕ್ ಹಾಳು ಅಂತಾದರೆ ಅವನ ಕಂಪನಿಗೆ ನಮ್ಮ ಆರ್ಡರ್ ತಪ್ಪುತ್ತದೆ, ಅವನನ್ನು ದೂರದ ಊರಿಗೆ ಎತ್ತಿಹಾಕುತ್ತಾರೆ. ತಪ್ಪು ಕರ್ನಲ್‌ನಲ್ಲಿ, ಅಂದರೆ ನಮ್ಮ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲೇ ಇದ್ದರೆ? ಅಲ್ಲಿ ಡಿಸ್ಕಿನ ಲೆಕ್ಕ ಇಡುವ ಕೋಡ್ ಬರೆದವರು ಸ್ವತಃ ದೊಡ್ಡಪ್ಪ. ಅದನ್ನು ಮುಟ್ಟುವ ಧೈರ್ಯ ಯಾರೂ ಮಾಡಿರಲಿಲ್ಲ. ನಾನು ಮಾಡಿದೆ.

ವಾರವಿಡೀ ಇಬ್ಬರೂ ಒಂದೇ ಮೇಜಿಗೆ ಅಂಟಿಕೊಂಡಿದ್ದೆವು. ಡಿಸ್ಕಿಗೆ ಒಂದೊಂದೇ ಕೆಲಸ ಕೊಟ್ಟರೆ ಲೆಕ್ಕ ಸರಿ ಬರುತ್ತಿತ್ತು. ಅಕ್ಕಪಕ್ಕದ ಜಾಗಗಳಲ್ಲಿ ಬರೆಯುವ ಎರಡು ಕೆಲಸ ಒಟ್ಟಿಗೆ ಕೊಟ್ಟರೆ ಕರ್ನಲ್ ಅವನ್ನು ಸೇರಿಸಿ ಒಂದಾಗಿ ಕಳಿಸುತ್ತಿತ್ತು. ಎಡವಟ್ಟು ಅಲ್ಲೇ.

"ಹೋಗುವಾಗ ಕರ್ನಲ್ ಎರಡು ಅಂತ ಎಣಿಸಿದೆ," ಅವನು ನನ್ನ ಭುಜದ ಹತ್ತಿರ ಬಗ್ಗಿ ಹೇಳಿದ. "ಮುಗಿದಾಗ ಒಂದೇ ಕಳೆದಿದೆ."

"ಇನ್ನೊಂದು ಮುಗಿದಿಲ್ಲ, ಡಿಸ್ಕ್ ಇನ್ನೂ ಬ್ಯುಸಿ ಅಂತ ಕಾಯ್ತಾನೇ ಇದೆ, ಪಾಪ."

"ನಾನೂ ಕಾಯ್ತಾ ಇದೀನಿ."

"ಯಾತಕ್ಕೆ?"

"ನೀವು ಒಂದ್ಸಲ ಸ್ಕ್ರೀನ್ ಬಿಟ್ಟು ಈ ಕಡೆ ನೋಡ್ಲಿ ಅಂತ."

ನೋಡಿದೆ. ಅವನ ಕಿವಿ ಕೆಂಪಾಗಿತ್ತು. ನನ್ನದೂ ಆಗಿರಬೇಕು.

ದೊಡ್ಡಪ್ಪನ ರೂಮಿಗೆ ಅವನನ್ನೂ ಕರೆದುಕೊಂಡೇ ನುಗ್ಗಿದೆ.

"ಡಿಸ್ಕ್ ಚೆನ್ನಾಗಿದೆ ದೊಡ್ಡಪ್ಪ. ತಪ್ಪಿರೋದು ನಿಮ್ಮ ಕೋಡಲ್ಲಿ."

"ನಿಂಗೆ ಕೋಡ್ ಬರೆಯೋದು ಕಲಿಸಿದ್ದು ಯಾರು?"

"ನೀವೇ. ಅದಕ್ಕೇ ತಪ್ಪು ಕಣ್ಣಿಗೆ ಬಿತ್ತು."

ಅವರು ಮುಖ ಗಂಟಿಕ್ಕಿದರು. "ಈ ಹುಡುಗನ ಮೇಲಿನ ಮೋಹಕ್ಕೆ ಡಿಸ್ಕ್ ಪಾಸ್ ಮಾಡಿದಳು ಅಂತಾರೆ ಜನ."

"ಮೋಹ ಇರೋದು ನಿಜ. ಡಿಸ್ಕ್ ಚೆನ್ನಾಗಿರೋದೂ ನಿಜ. ಒಂದಕ್ಕೊಂದು ಸಂಬಂಧ ಇಲ್ಲ. ನಾಳೆ ಇವರು ನನ್ನ ಬೇಡ ಅಂದ್ರೂ ನಿಮ್ಮ ಕೋಡ್ ತಪ್ಪೇ."

ನಾನು ತಿದ್ದಿದ ಸಾಲು ಹಾಕಿ ಮತ್ತೆ ಓಡಿಸಿ ತೋರಿಸಿದೆ. ಡಿಸ್ಕ್ ಕೆಲಸ ಮಾಡಿತು, ಮುಗಿಸಿತು. ನೂರು ಇಳಿದು ಸೊನ್ನೆಗೆ ಬಂತು. ದೊಡ್ಡಪ್ಪ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಡಿಸ್ಕ್ ಇಲ್ಲೇ ಇರ್ಲಿ," ಎಂದು ಗೊಣಗಿದರು.

ಕಾರಿಡಾರಿಗೆ ಬಂದವನೇ ಅವನು ನಿಂತುಬಿಟ್ಟ.

"ನಂಗೆ ಒಂದು ಮಾತೂ ಹೇಳದೆ ನೇರ ದೊಡ್ಡಪ್ಪನ ಮುಂದೇನಾ? ನಾನು ಬೇಡ ಅಂತೀನಿ ಅಂತ ಯಾಕೆ ಅಂದ್ಕೊಂಡ್ರಿ?"

"ಅಂದ್ಕೊಳ್ಳಲಿಲ್ಲ. ಅಂದ್ರೂ ಹೆದರಲ್ಲ ಅಂತ ಹೇಳಿದೆ, ಅಷ್ಟೇ."

"ನಾನು ಅನ್ನಲ್ಲ," ಎಂದು ಕೈ ಹಿಡಿದ.

ಹಿಂದೆ ದೊಡ್ಡಪ್ಪನ ಬಾಗಿಲು ತೆರೆದೇ ಇತ್ತು. ಅವರು ಕೆಮ್ಮಿದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.