ಎರಡನೇ ತಾರೀಖಿನ ಕಾಗದ

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಗೆ ಬಂದ ಮುದುಕರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಬದುಕಿಡೀ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿದ ಮನುಷ್ಯ; ಹೆಬ್ಬೆರಳಿನ ಚರ್ಮ ತೊಗಲಿನಂತೆ ಗಟ್ಟಿಯಾಗಿತ್ತು. ಚೀಲದಿಂದ ಒಂದು ಹಾಳೆ ತೆಗೆದು, ಮಡಿಕೆ ಬೀಳದ ಹಾಗೆ ಎರಡು ಕೈಯಲ್ಲೂ ಹಿಡಿದು ಇನ್ಸ್‌ಪೆಕ್ಟರ್ ಮುಂದೆ ಇಟ್ಟರು.

"ನನ್ನ ಹೆಂಡತೀನ ಕೊಂದಿದಾರೆ. ನೋಡಿ, ಕುರುಡನಿಗೂ ಕಾಣೋ ಹಾಗೆ ಬರೆದಿದೆ."

ಆಸ್ಪತ್ರೆಯವರು ದೃಢೀಕರಿಸಿ ಕೊಟ್ಟ ದಾಖಲಾತಿ ಹಾಳೆ ಅದು. ಮೇಲ್ಗಡೆ ಕೆಂಪು ಪಟ್ಟಿ, ಅದರೊಳಗೆ ದಪ್ಪ ಅಕ್ಷರ: ಪೆನ್ಸಿಲಿನ್ ಒಗ್ಗುವುದಿಲ್ಲ. ತಾರೀಖು ಎರಡು, ಬೆಳಿಗ್ಗೆ 11-42. ಅದೇ ದಿನ ಹನ್ನೆರಡೂವರೆಗೆ ವಾರ್ಡಿನ ನರ್ಸು ಪೆನ್ಸಿಲಿನ್ ಚುಚ್ಚಿದ್ದಳು. ಡಾಕ್ಟರು ಫೋನಿನಲ್ಲಿ ಹೇಳಿದ ಔಷಧ. ಕೊಡುವ ಮುಂಚೆ ಹಾಳೆ ನೋಡುವುದು ನರ್ಸಿನ ಹೊಣೆ. ಒಂದೂ ಹತ್ತಕ್ಕೆ ಮುದುಕಿ ತೀರಿಕೊಂಡಿದ್ದರು.

"ಕೌಂಟರಲ್ಲಿ ನಾನೂ ಪಕ್ಕದಲ್ಲೇ ಇದ್ದೆ. ಅವಳು ಎರಡು ಸಲ ಹೇಳಿದ್ಲು. ಟೈಪ್ ಮಾಡೋಳು, 'ಹಾಕಿದೀನಿ ಅಜ್ಜಿ, ಇಲ್ನೋಡಿ ಕೆಂಪಗೆ' ಅಂತ ಪರದೆ ಮೇಲೆ ತೋರ್ಸಿದ್ಲು. ಆ ನರ್ಸಿಗೆ ಕಣ್ಣಿಲ್ವಾ?"

ಹನ್ನೊಂದೂ ಐದಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ, ನರ್ಸು. ಆರೋಪ, ನಿರ್ಲಕ್ಷ್ಯದಿಂದ ಸಾವು. ಇನ್ಸ್‌ಪೆಕ್ಟರ್ ಹೆಂಡತಿಯನ್ನು ಕಳೆದುಕೊಂಡು ಮೂರು ವರ್ಷವಾಗಿತ್ತು. ಆಗ ತಾನೂ ಸಿಟ್ಟು ಇಳಿಸಲು ಒಂದು ತಲೆ ಹುಡುಕಿ, ಯಾರೂ ಸಿಗದೆ ದೇವರ ಹತ್ತಿರವೇ ಜಗಳಾಡಿದ್ದು ನೆನಪಾಯಿತು. ಈ ಮುದುಕರಿಗೆ ತಲೆ ಸಿಕ್ಕಿದೆ. ಅದು ಸರಿಯಾದ ತಲೆಯೇ ಎಂದು ನೋಡುವುದು ತನ್ನ ಕೆಲಸ.

ನರ್ಸು ಹತ್ತೊಂಬತ್ತು ವರ್ಷ ಸೇವೆ ಸಲ್ಲಿಸಿದವಳು. ಆಸ್ಪತ್ರೆ ಆಗಲೇ ಅವಳನ್ನು ಅಮಾನತು ಮಾಡಿತ್ತು. ಮಾರನೆಯ ದಿನ ಅವಳ ಮನೆಯಲ್ಲೇ ವಿಚಾರಣೆ.

"ಹಾಳೆ ನೋಡಿದ್ರಾ?"

"ನೋಡ್ದೆ ಸಾರ್."

"ಕೆಂಪು ಪಟ್ಟಿ?"

"ಇರ್ಲಿಲ್ಲ."

"ಇದರಲ್ಲಿದೆಯಲ್ಲಮ್ಮ."

"ಇದರಲ್ಲಿದೆ. ನನ್ನ ಕೈಗೆ ಬಂದ ಹಾಳೆ ಇದಲ್ಲ."

"ಅದೆಲ್ಲಿ?"

"ವಾರ್ಡಿನ ಕಾಗದಾನೆಲ್ಲ ಸಂಜೆ ಯಂತ್ರಕ್ಕೆ ಹಾಕಿ ಚೂರು ಮಾಡ್ತಾರೆ. ಪ್ರತಿ ಕಂಪ್ಯೂಟರಲ್ಲಿ ಇರುತ್ತಲ್ಲ ಅಂತ." ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಓದ್ಲಿಲ್ಲ ಅಂತಿದಾರೆ. ಓದಿದ್ದಕ್ಕೇ ಕೊಟ್ಟೆ ಸಾರ್."

ಸುಳ್ಳು ಹೇಳುವವರ ಹತ್ತಿರ ಸಾಮಾನ್ಯವಾಗಿ ವಿವರಣೆ ಜಾಸ್ತಿ ಇರುತ್ತದೆ. ಇವಳ ಹತ್ತಿರ ಒಂದೂ ಇರಲಿಲ್ಲ. ಆದರೆ ಹಾಳೆ ಇವಳ ವಿರುದ್ಧವಿತ್ತು. ಇನ್ನೂ ಬಂಧಿಸಿಲ್ಲವೇಕೆಂದು ಮೇಲಧಿಕಾರಿಗಳಿಂದ ಎರಡು ಸಲ ಫೋನು ಬಂದಿತ್ತು. ಹತ್ತೊಂಬತ್ತರವರೆಗೆ ಸಮಯ ಕೊಡಿ ಎಂದು ಇನ್ಸ್‌ಪೆಕ್ಟರ್ ಕೇಳಿಕೊಂಡರು.

ಹದಿನಾರರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ, ಇಬ್ಬರು ಪಂಚರ ಸಮಕ್ಷಮ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಅಲ್ಲಿನ ಪ್ರೋಗ್ರಾಮರ್ ಮೂವತ್ತು ದಾಟಿದ ಸಣಕಲು ಮನುಷ್ಯ. ಎಲ್ಲರಿಗೂ ಕುರ್ಚಿ ಹಾಕಿ ತಾನು ನಿಂತೇ ಇದ್ದ.

"ಕೌಂಟರಲ್ಲಿ ತುಂಬೋದು ವೆಬ್ ಪುಟ ಸಾರ್. ಅದನ್ನ ಒಂದು ಲೈಬ್ರರಿ ಪಿಡಿಎಫ್ ಮಾಡಿಡುತ್ತೆ. ಅದೇ ವಾರ್ಡಲ್ಲಿ ಪ್ರಿಂಟ್ ಆಗುತ್ತೆ."

ಕಂಡದ್ದನ್ನೆಲ್ಲ ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್ಲಿಗೆ ಠಾಣೆಯಲ್ಲಿ ದಫ್ತರ ಎಂದೇ ಹೆಸರು. ಅವನು ಪೆನ್ನು ನಿಲ್ಲಿಸಿ ತಲೆ ಎತ್ತಿದ. "ಲೈಬ್ರರಿ ಎಲ್ಲಿದೆ? ಮಹಡಿ ಮೇಲಾ?"

"ಪುಸ್ತಕದ್ದಲ್ಲ ಸಾರ್. ಬೇರೆಯವರು ಬರೆದಿಟ್ಟ ಪ್ರೋಗ್ರಾಮುಗಳ ಕಟ್ಟು. ನಾವು ಕರೆದ್ರೆ ಬಂದು ಕೆಲಸ ಮಾಡಿಕೊಡುತ್ತೆ."

"ನಮ್ಮನೇಲಿ ಕರೆದ್ರೆ ಬರೋದು ಬೆಕ್ಕೊಂದೇ," ಎನ್ನುತ್ತ ದಫ್ತರ ಅದನ್ನೂ ಬರೆದುಕೊಂಡ.

ಎರಡನೇ ತಾರೀಖಿನ ಅರವತ್ತೊಂದು ರೋಗಿಗಳ ಪಿಡಿಎಫ್‌ಗಳನ್ನೂ ಕೌಂಟರಿನಲ್ಲಿ ತುಂಬಿದ ಮೂಲ ವಿವರಗಳನ್ನೂ ಜಪ್ತಿ ಮಾಡಿದರು. ಮುದುಕಿಯ ಫೈಲಿನಲ್ಲಿ ಕೆಂಪು ಪಟ್ಟಿ ಇತ್ತು, ತಾರೀಖು, ಗಂಟೆ ಎಲ್ಲ ಸರಿಯಾಗಿತ್ತು.

ಹದಿನೇಳರ ಬೆಳಿಗ್ಗೆ ಠಾಣೆಯ ಉದ್ದನೆಯ ಮೇಜಿನ ಮೇಲೆ ಅರವತ್ತೊಂದು ಹಾಳೆಗಳನ್ನೂ ಹರಡಿದರು. ಕೌಂಟರಿನವಳನ್ನು ಹೇಳಿಕೆಗೆ ಕರೆಸಬೇಕಿತ್ತು. ದಫ್ತರ ಕೈಗೆ ಸಿಕ್ಕ ಹಾಳೆಯ ಅಡಿಯಲ್ಲಿದ್ದ ಆಸ್ಪತ್ರೆಯ ನಂಬರಿಗೆ ಫೋನು ಮಾಡಿ ಮುಖ ಸಿಂಡರಿಸಿದ.

"ಈ ನಂಬರ್ ಚಾಲ್ತಿಯಲ್ಲಿಲ್ಲವಂತೆ."

"ನಿಮ್ಮ ದಪ್ಪ ಬೆರಳಲ್ಲಿ ಏನು ಒತ್ತಿದ್ರೋ," ಎಂದ ಮಹಿಳಾ ಕಾನ್‌ಸ್ಟೇಬಲ್, ತನ್ನ ಮುಂದಿದ್ದ ಹಾಳೆ ನೋಡಿ ಫೋನು ಮಾಡಿದಳು. ಮೊದಲ ರಿಂಗಿಗೇ ಆಸ್ಪತ್ರೆಯವರು ಎತ್ತಿಕೊಂಡರು. ಅವಳು ಮಾತಾಡದೆ ಫೋನು ಕೆಳಗಿಟ್ಟು, ಎರಡು ಹಾಳೆಗಳನ್ನೂ ಪಕ್ಕಪಕ್ಕಕ್ಕೆ ಎಳೆದಳು. "ಸಾರ್, ಇಲ್ಲಿ ಬನ್ನಿ ಸ್ವಲ್ಪ."

ಅರವತ್ತು ಹಾಳೆಗಳ ಅಡಿಯ ನಂಬರು ನಲವತ್ತಕ್ಕೆ ಮುಗಿಯುತ್ತಿತ್ತು. ಮುದುಕಿಯ ಹಾಳೆಯದು ಮಾತ್ರ ಎಪ್ಪತ್ತೈದಕ್ಕೆ.

ಅಂದೇ ಮಧ್ಯಾಹ್ನ ದೂರವಾಣಿ ಕಚೇರಿಯಿಂದ ಉತ್ತರ ಬಂತು: ಆಸ್ಪತ್ರೆಗೆ ಎಪ್ಪತ್ತೈದರ ಹೊಸ ನಂಬರು ಕೊಟ್ಟದ್ದು ಆರನೇ ತಾರೀಖು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಡಂ ಒಬ್ಬರನ್ನು ತಜ್ಞರಾಗಿ ಕರೆಸಿದರು. ಅವರು ಫೈಲುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದರು.

"ವೆಬ್ ಪುಟ ಕಾಗದ ಅಲ್ಲ ಇನ್ಸ್‌ಪೆಕ್ಟರೇ. ಮನೆಗೆ ನೆಂಟರು ಬಂದ ಹಾಗೆ, ಒಂದೊಂದು ಚೂರು ಒಂದೊಂದು ಕಡೆಯಿಂದ ಬಂದು ಸೇರುತ್ತೆ. ಹೆಸರು, ವಯಸ್ಸು ಬೇಗ ಬರುತ್ತೆ. ಈ ಕೆಂಪು ಪಟ್ಟಿ ಬೇರೆ ಕಪಾಟಿಂದ ಬರಬೇಕು, ತಡ. ಎಲ್ಲರೂ ಬಂದ್ರಾ ಅಂತ ಕಾಯದೆ ಫೋಟೋ ಹೊಡೆದ್ರೆ?"

"ತಡವಾಗಿ ಬಂದವರು ಫೋಟೋದಲ್ಲಿ ಇರಲ್ಲ."

"ಅಷ್ಟೇ. ಆ ದಿನ ಏಳು ಜನರಿಗೆ ಪಟ್ಟಿ ಬರಬೇಕಿತ್ತು. ನಾಲ್ಕು ಹಾಳೇಲಿ ಬಂದಿಲ್ಲ."

ಆ ನಾಲ್ವರು ಬದುಕಿದ್ದು ಭಗವಂತನ ದಯೆ ಎಂದುಕೊಂಡ ಇನ್ಸ್‌ಪೆಕ್ಟರ್ ಕೇಳಿದರು, "ಕಂಪ್ಯೂಟರಿನ ಗಡಿಯಾರ ಹಿಂದಕ್ಕಿಟ್ಟು ಹಾಳೇನ ಈಗ ಮಾಡಿದ್ರೆ?"

"ತಾರೀಖು ಹಿಂದಿನದೇ ಬೀಳುತ್ತೆ. ನೆಂಟರು ಮಾತ್ರ ಇವತ್ತಿನವರೇ ಬರ್ತಾರೆ. ಅಡೀಲಿರೋ ನಂಬರು ಆಸ್ಪತ್ರೆ ವೆಬ್‌ಸೈಟಿಂದ ಆಗಿಂದಾಗಲೇ ಬಂದು ಕೂತಿದೆ."

ಹದಿನೆಂಟರ ಬೆಳಿಗ್ಗೆ ಹನ್ನೊಂದೂವರೆಗೆ ಪ್ರೋಗ್ರಾಮರ್‌ನನ್ನು ಠಾಣೆಗೆ ಕರೆಸಿದರು.

"ಈ ಹಾಳೆ ಯಾವಾಗ ಮಾಡಿದ್ದು?"

"ಎರಡನೇ ತಾರೀಖು. ಮೇಲೇ ಇದೆಯಲ್ಲ ಸಾರ್."

"ಕೆಳಗೆ ನೋಡು. ಆ ನಂಬರ್ ಎರಡನೇ ತಾರೀಖಿಗೆ ಹುಟ್ಟೇ ಇರ್ಲಿಲ್ಲ."

ಅವನು ಹಾಳೆಯ ಅಡಿಯನ್ನು ನೋಡಿದ. ಸುಳ್ಳು ಹೊಸೆಯುತ್ತಿರಲಿಲ್ಲ, ಬರೀ ಸುಸ್ತಾದವನಂತೆ ಕಾಣುತ್ತಿದ್ದ.

"ಮೇಲ್ಗಡೆ ಹತ್ತು ಸಲ ನೋಡ್ದೆ. ಕೆಳಗೆ ನೋಡ್ಲೇ ಇಲ್ಲ."

"ಮೊದಲಿಂದ ಹೇಳು."

"ಪುಟ ಪೂರ್ತಿ ಬರಲಿ ಅಂತ ಮೂರು ಸೆಕೆಂಡ್ ಕಾಯೋ ಒಂದು ಸಾಲು ಪ್ರೋಗ್ರಾಮಲ್ಲಿ ಇತ್ತು ಸಾರ್. ಕೌಂಟರಲ್ಲಿ ಕಾಯಿಲೆಯವರು ನಿಂತೇ ಇರ್ತಿದ್ರು. ಟೈಪ್ ಮಾಡೋರು, 'ನಿನ್ನ ಪ್ರೋಗ್ರಾಮಿಗೆ ಮೊಣಕಾಲು ನೋವೇನಪ್ಪ' ಅಂತ ದಿನಾ ಆಡ್ಕೊಳ್ತಿದ್ರು. ಆ ಸಾಲು ತೆಗೆದೆ. ನನ್ನ ಮೇಜಿನ ಮೇಲೆ ಪಟ್ಟಿ ಸರಿಯಾಗೇ ಬಂತು. ನನ್ನ ಯಂತ್ರ ಸರ್ವರಿನ ಪಕ್ಕದಲ್ಲೇ ಇತ್ತು, ಕೌಂಟರು ದೂರ, ಅಲ್ಲಿಗೆ ಪಟ್ಟಿ ಬರೋದು ತಡ."

"ಯಾವಾಗ ಗೊತ್ತಾಯ್ತು?"

"ಏಳನೇ ತಾರೀಖು. ಆ ತಾತ ಹಾಳೆ ಕೇಳಿಕೊಂಡು ನನ್ನ ಕೋಣೆಗೇ ಬಂದ್ರು. ಕೂರಿಸಿ ನೀರು ಕೊಟ್ಟೆ. ಅಜ್ಜಿ ಎರಡು ಸಲ ಹೇಳಿದ್ದನ್ನ ಹೇಳ್ತಾ ಇದ್ರು, ನಾನು ಫೈಲ್ ತೆರೆದೆ. ಪಟ್ಟಿ ಇರ್ಲಿಲ್ಲ. ಪರದೇನ ಆಕಡೆ ತಿರುಗಿಸಿ, ನಾಳೆ ಬನ್ನಿ ಅಂದೆ. ಎದ್ದು ಹೋಗ್ತಾ ತಲೆ ಮೇಲೆ ಕೈಯಿಟ್ಟು, 'ನೂರು ವರ್ಷ ಚೆನ್ನಾಗಿರು ಮಗನೇ' ಅಂದ್ರು." ಅವನು ನೆತ್ತಿ ಸವರಿಕೊಂಡ. "ಸಂಜೆ ಆ ಸಾಲು ವಾಪಸ್ ಹಾಕ್ದೆ. ಗಡಿಯಾರ ಹಿಂದಕ್ಕಿಟ್ಟು ಅವರ ಹಾಳೆ ಹೊಸದಾಗಿ ಮಾಡಿ, ಹಳೇದನ್ನ ಅಳಿಸ್ದೆ."

"ನರ್ಸಮ್ಮನ ಗತಿ?"

"ಅವರ ಯೋಚನೆ ಆಮೇಲೆ ಬಂತು. ಆಗ ಬಾಯಿ ಬರ್ಲಿಲ್ಲ. ನಾನು ಸುಳ್ಳೇನೂ ಸೇರಿಸ್ಲಿಲ್ಲ ಸಾರ್. ಅಜ್ಜಿ ಹೇಳಿದ್ದೇ ಅದರಲ್ಲಿದೆ. ಹಾಳೆ ಹೇಗಿರಬೇಕಿತ್ತೋ ಹಾಗೇ ಮಾಡಿದೀನಿ."

"ಹೇಗಿತ್ತೋ ಹಾಗೆ ಇಡಬೇಕಿತ್ತಪ್ಪ," ಎಂದರು ಇನ್ಸ್‌ಪೆಕ್ಟರ್. ಬೈಯಲು ಮನಸ್ಸಾಗಲಿಲ್ಲ, ಬಿಡಲು ಬರುವಂತಿರಲಿಲ್ಲ.

ಹನ್ನೆರಡೂ ಐವತ್ತಕ್ಕೆ ಬಂಧನ. ಸಾಕ್ಷ್ಯ ನಾಶ, ಸುಳ್ಳು ದಾಖಲೆ ಸೃಷ್ಟಿ. ಸಾವಿನ ಹೊಣೆ ಯಾರದೆಷ್ಟು ಎಂಬುದನ್ನು ನ್ಯಾಯಾಲಯ ನೋಡಲಿ ಎಂದು ಬರೆಸಿ, ಆರೋಪಿಗಳ ಪಟ್ಟಿಯಿಂದ ನರ್ಸನ್ನು ಕೈಬಿಡುವ ವರದಿಯನ್ನೂ ಜೊತೆಗೆ ಕಳಿಸಿದರು.

"ಉದ್ದೇಶ ಅನ್ನೋ ಕಡೆ ಏನು ಹಾಕ್ಲಿ ಸಾರ್?" ದಫ್ತರ ಕೇಳಿದ. "ನೌಕರಿ ಭಯ ಅಂತ ಹಾಕ್ಲಾ?"

"ಅದೂ ಇರಬಹುದು. ತನ್ನನ್ನು ಹರಸಿದವರ ಮುಖ ನೋಡಿ ನಿಜ ಹೇಳಲಾರದೆ ಹೋದ ಅಂತ ಬರಿ."

ಮುದುಕರು ನಾಲ್ಕು ಗಂಟೆಗೆ ಬಂದರು. ಇನ್ಸ್‌ಪೆಕ್ಟರ್ ಎಲ್ಲವನ್ನೂ ತಾವೇ ಹೇಳಿದರು. ಮುದುಕರು ಈ ಸಲ ಕುರ್ಚಿಯಲ್ಲಿ ಕೂತು ಕೇಳಿದರು. ಒಳಗೆ ಕೂರಿಸಿದ್ದ ಪ್ರೋಗ್ರಾಮರ್ ಕಡೆ ಒಮ್ಮೆ ತಿರುಗಿದರು, ಆದರೆ ಎದ್ದು ಹೋಗಲಿಲ್ಲ.

"ಆ ನರ್ಸಮ್ಮನ ಮನೆ ಯಾವ ಬೀದಿ?"

"ನೀವು ಹೋಗಬೇಕಾಗಿಲ್ಲ ತಾತ. ಅವರನ್ನ ಕೈಬಿಟ್ಟ ಕಾಗದ ನಾವೇ ತಲುಪಿಸ್ತೀವಿ."

"ಕಾಗದ ಸಾಕಾಯ್ತು ಸ್ವಾಮಿ. ಕಣ್ಣಿಲ್ವಾ ಅಂದವನು ನಾನು."

ಇನ್ಸ್‌ಪೆಕ್ಟರ್ ಬೀದಿಯ ಗುರುತು ಹೇಳಿ, ಜೊತೆಗೆ ಹೋಗಲು ಮಹಿಳಾ ಕಾನ್‌ಸ್ಟೇಬಲ್ಲಿಗೆ ಸನ್ನೆ ಮಾಡಿದರು. ಮುದುಕರು ಕೈಯಡ್ಡ ಹಿಡಿದರು.

"ಬೇಡಮ್ಮ. ಪೊಲೀಸರು ಬಾಗಿಲಲ್ಲಿ ನಿಂತ್ರೆ ಆ ಮಗು ಮತ್ತೆ ಹೆದರ್ಕೊಳ್ಳುತ್ತೆ," ಎಂದು ಒಬ್ಬರೇ ಮೆಟ್ಟಿಲಿಳಿದರು.